ಯಂತ್ರ ನಮ್ಮದು, ಪಾಸ್‌ವರ್ಡ್ ಯಾರದು?

ಸಂತೆಯಲ್ಲಿ ದುಡ್ಡು ಕೊಟ್ಟು ಎತ್ತು ತಂದ ಮೇಲೆ ಅದಕ್ಕೆ ಲಾಳ ಕಟ್ಟಿಸೋಕೆ ಮಾರಿದವನ ಅಪ್ಪಣೆ ಕೇಳ್ತೀವಾ? ಹಾಗೆ ಕೇಳಬೇಕು ಅಂತ ಯಾರಾದರೂ ಹೇಳಿದರೆ ನಗ್ತೀವಿ. ಆದರೆ ಮೂರು ಲಕ್ಷದ ಸೋಲಾರ್ ಪಂಪ್‌ಸೆಟ್, ಹತ್ತು ಲಕ್ಷದ ಟ್ರ್ಯಾಕ್ಟರ್, ಸ್ವಸಹಾಯ ಸಂಘದ ಡ್ರೋನ್ ವಿಷಯದಲ್ಲಿ ನಾವು ಈಗ ಅದನ್ನೇ ಮಾಡ್ತಿದ್ದೀವಿ. ನಗು ಮಾತ್ರ ಬರ್ತಿಲ್ಲ.

ಸ್ನೇಹಿತರೇ, ಈ ವಾರ ರೋಗ, ಕೀಟ, ಜೀವಾಮೃತ ಎಲ್ಲ ಪಕ್ಕಕ್ಕಿಡೋಣ. ಯಂತ್ರ ಕೆಟ್ಟಾಗ ಅದನ್ನ ಬಿಚ್ಚಿ ಸರಿಮಾಡಿಕೊಳ್ಳೋ ಹಕ್ಕಿನ ಬಗ್ಗೆ ಮಾತಾಡೋಣ. ರೈಟ್ ಟು ರಿಪೇರ್ ಅಂತ ಯೂಟ್ಯೂಬ್‌ನಲ್ಲಿ ನೋಡಿರ್ತೀರಿ, ನಾವು ರಿಪೇರಿ ಹಕ್ಕು ಅನ್ನೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸರ್ಕಾರದ ಸಬ್ಸಿಡಿಯಲ್ಲಿ ಮಾರಾಟವಾಗೋ ಯಾವುದೇ ಯಂತ್ರದ ರಿಪೇರಿ ಮಾಹಿತಿ, ಬಿಡಿಭಾಗ, ಪಾಸ್‌ವರ್ಡ್ ರೈತನ ಕೈಗೂ ಅವನು ನಂಬಿದ ಮೆಕ್ಯಾನಿಕ್ ಕೈಗೂ ಸಿಗಬೇಕು. ಕೊಡಲ್ಲ ಅನ್ನೋ ಕಂಪನಿ ಸಬ್ಸಿಡಿ ಪಟ್ಟಿಯಲ್ಲಿ ಇರಬಾರದು.

ರೈತರೆಲ್ಲ ಮೆಕ್ಯಾನಿಕ್ ಆಗಬೇಕು ಅಂತ ನಾನು ಹೇಳ್ತಿಲ್ಲ. ತೋಟಗಾರಿಕೆ ಓದಿದವನು ನಾನು. ಸ್ಪ್ಯಾನರ್‌ಗಿಂತ ಸವರೋ ಕತ್ತರಿ ಹಿಡಿಯೋದು ನನಗೆ ಚೆನ್ನಾಗಿ ಬರುತ್ತೆ. ಆದರೆ ಸ್ಪ್ಯಾನರ್ ಹಿಡಿಯೋನು ನಮ್ಮ ಹೋಬಳಿಯಲ್ಲೇ ಇರ್ತಾನಲ್ಲ, ಅವನಿಗೆ ಬಾಗಿಲು ತೆರೆದಿರಬೇಕು. ನಮ್ಮ ಕಡೆ ರಿಪೇರಿ ಹಕ್ಕು ಅಂದರೆ ಮುಖ್ಯವಾಗಿ ಇಷ್ಟೇ.

ರಿವೈಂಡಿಂಗ್ ಅಂಗಡಿ ನೋಡಿ ಕಲಿಯೋದು

ಹಿರಿಯೂರು, ಚಳ್ಳಕೆರೆ, ಶಿರಾ, ಯಾವ ಊರಿಗೆ ಹೋದರೂ ಮೋಟರ್ ರಿವೈಂಡಿಂಗ್ ಅಂಗಡಿಗಳು ಸಾಲಾಗಿ ಸಿಗುತ್ತವೆ. ಸಬ್‌ಮರ್ಸಿಬಲ್ ಮೋಟರ್ ಸುಟ್ಟರೆ ನಾವು ಏನು ಮಾಡ್ತೀವಿ? ಬೆಳಿಗ್ಗೆ ಪೈಪ್ ಎತ್ತಿಸ್ತೀವಿ, ಮೋಟರ್ ಗಾಡಿಗೆ ಹಾಕಿಕೊಂಡು ಅಂಗಡಿಗೆ ಹೋಗ್ತೀವಿ. ಅವನು ಬಿಚ್ಚಿ, ಹಳೇ ವೈರ್ ಕಿತ್ತು, ಸುತ್ತು ಎಣಿಸಿ, ಹೊಸದು ಸುತ್ತಿ, ಬುಷ್ ಸವೆದಿದ್ದರೆ ಅದನ್ನೂ ಬದಲಾಯಿಸಿ, ಒಂದೆರಡು ದಿನದಲ್ಲಿ ಕೊಡ್ತಾನೆ. ಯಾವ ಕಂಪನಿ ಮೋಟರ್ ಅಂತ ಅವನು ಕೇಳೋದು ಬುಷ್ ಸೈಜ್ ಗೊತ್ತಾಗಲಿ ಅಂತ, ಅಷ್ಟೇ.

ಬೋರ್‌ವೆಲ್ ನಂಬಿದ ಬಯಲುಸೀಮೆ ಇಷ್ಟು ವರ್ಷ ಉಸಿರಾಡಿದ್ದು ಈ ಅಂಗಡಿಗಳಿಂದ. ಇದನ್ನ ಯಾವ ಇಲಾಖೆಯೂ ಕಟ್ಟಲಿಲ್ಲ, ಯಾವ ಕಂಪನಿಯೂ ಕೊಡಲಿಲ್ಲ. ಮೋಟರ್ ಒಳಗೆ ಗುಟ್ಟು ಇರಲಿಲ್ಲ, ತಾಮ್ರದ ವೈರ್ ಪೇಟೆಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗ್ತಿತ್ತು, ಒಬ್ಬ ಇನ್ನೊಬ್ಬನಿಂದ ನೋಡಿ ಕಲಿತ. ಮೆಕ್ಯಾನಿಕಲ್ ಡೀಸೆಲ್ ಪಂಪ್‌ನದೂ ಇದೇ ಕಥೆ. ತಾಲ್ಲೂಕು ಕೇಂದ್ರದಲ್ಲಿ ಪಂಪ್ ನಾಜಲ್ ಚೆಕ್ ಮಾಡೋ ಅಂಗಡಿ ಒಂದಾದರೂ ಇರುತ್ತೆ. ಪವರ್ ಟಿಲ್ಲರ್ ಆದರೆ ಊರಲ್ಲೇ ಮೂರು ಜನ ಬಿಚ್ಚಿ ಹಾಕ್ತಾರೆ.

ಈಗ ಯಂತ್ರದೊಳಗೆ ಬೋರ್ಡ್ ಬಂತು. ಅದು ಬಂದಿದ್ದು ತಪ್ಪು ಅಂತ ನಾನು ಹೇಳಲ್ಲ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಮ ಜಾರಿಯಾಯ್ತು. ಅದಕ್ಕೆ ತಕ್ಕಂತೆ ಕಾಮನ್ ರೈಲ್ ಎಂಜಿನ್, ಸೆನ್ಸರ್, ಇಸಿಯು ಬಂದವು. ಹೊಗೆ ಕಮ್ಮಿ ಆಗೋದು ಒಳ್ಳೇದೇ, ಟ್ರ್ಯಾಕ್ಟರ್ ಹಿಂದೆ ದಿನಪೂರ್ತಿ ನಿಂತು ಕೆಲಸ ಮಾಡಿದವರಿಗೆ ಅದು ಗೊತ್ತು. ಆದರೆ ಇಂಥ ಎಂಜಿನ್‌ನಲ್ಲಿ ಒಂದು ಇಂಜೆಕ್ಟರ್ ಬದಲಾಯಿಸಿದರೂ ಎಷ್ಟೋ ಮಾಡೆಲ್‌ಗಳಲ್ಲಿ ಅದರ ಕೋಡ್ ಅನ್ನ ಸ್ಕ್ಯಾನರ್ ಹಾಕಿ ಇಸಿಯುಗೆ ಹೇಳಬೇಕು. ಹೇಳದಿದ್ದರೆ ಎಂಜಿನ್ ಸರಿಯಾಗಿ ಓಡಲ್ಲ. ಇಂಜೆಕ್ಟರ್ ಹಾಕೋ ಕೈ ನಮ್ಮೂರಲ್ಲೇ ಇದೆ, ಕೋಡ್ ಹಾಕೋ ಸ್ಕ್ಯಾನರ್ ಮಾತ್ರ ಜಿಲ್ಲಾ ಕೇಂದ್ರದ ಶೋರೂಮ್‌ನಲ್ಲಿದೆ. ನಮ್ಮಲ್ಲಿ ಹೆಚ್ಚಿನ ಟ್ರ್ಯಾಕ್ಟರ್‌ಗಳು 50 ಎಚ್‌ಪಿ ಒಳಗಿನವೇ ಆಗಿರೋದರಿಂದ ಈ ಬಿಸಿ ಇನ್ನೂ ಎಲ್ಲರಿಗೂ ತಟ್ಟಿಲ್ಲ. ತಟ್ಟೋ ದಿನ ದೂರ ಇಲ್ಲ.

ಎಂಟು ದಿನ, ಆರು ನಿಮಿಷ

ನಮ್ಮ ತೋಟದ ಸೋಲಾರ್ ಪಂಪ್ ಕಥೆ ಹೇಳ್ತೀನಿ. ಕಂಪನಿ ಹೆಸರು ಬೇಡ, ಬೇರೆ ಕಂಪನಿಯವರೂ ಇದಕ್ಕಿಂತ ತೀರಾ ಬೇರೆ ಅಂತ ನನಗೆ ಅನ್ನಿಸಿಲ್ಲ.

ಏಪ್ರಿಲ್ ತಿಂಗಳು. ಅರ್ಧ ಎಕರೆ ಸೌತೆ ಕಾಯಿ ಬಿಡ್ತಾ ಇತ್ತು. ಕಂಟ್ರೋಲರ್ ಡಿಸ್‌ಪ್ಲೇ ಮೇಲೆ ಒಂದು ಎರರ್ ಕೋಡ್ ಬಂತು, ಮೋಟರ್ ನಿಂತಿತು. ಸ್ವಲ್ಪ ಹೊತ್ತಿಗೆ ತಾನೇ ಸ್ಟಾರ್ಟ್ ಆಗುತ್ತೆ, ಎರಡು ನಿಮಿಷ ಓಡಿ ಮತ್ತೆ ನಿಲ್ಲುತ್ತೆ. ಜೊತೆಗೆ ಕೊಟ್ಟಿದ್ದ ಪುಸ್ತಕದಲ್ಲಿ ಆ ಕೋಡ್‌ಗೆ ಬರೆದಿದ್ದು ಒಂದೇ ಸಾಲು: ಸರ್ವಿಸ್ ಸೆಂಟರ್ ಸಂಪರ್ಕಿಸಿ. ಸಂಪರ್ಕಿಸಿದೆ. ನಮ್ಮ ಕಡೆಗೆಲ್ಲ ಒಬ್ಬರೇ ಎಂಜಿನಿಯರ್, ಸರದಿ ಪ್ರಕಾರ ಬರ್ತಾರೆ ಅಂದರು.

ಎರಡನೇ ದಿನ ನಮ್ಮ ಮೋಟರ್ ಮೆಕ್ಯಾನಿಕ್ ಕರೆಸಿದೆ. ಇಪ್ಪತ್ತು ವರ್ಷದಿಂದ ನಮ್ಮ ಬೋರ್ ನೋಡ್ಕೊಂಡು ಬಂದವರು, ಅಪ್ಪನ ಕಾಲದ ಪರಿಚಯ. ಕೇಬಲ್ ನೋಡಿದರು, ಜಾಯಿಂಟ್ ನೋಡಿದರು, ಕ್ಲಾಂಪ್ ಮೀಟರ್ ಹಾಕಿ ಕರೆಂಟ್ ನೋಡಿದರು. "ಮೋಟರ್ ಸರಿಯಾಗೈತೆ, ನೀರೂ ಐತೆ. ನೀರು ಕೆಳಗೆ ಹೋಗಿರೋದಕ್ಕೆ ಕರೆಂಟ್ ಕಮ್ಮಿ ಎಳೀತೈತೆ, ಬೋರ್ ಒಣಗೈತೆ ಅಂತ ಈ ಡಬ್ಬ ತಿಳ್ಕಂಡೈತೆ. ಒಳಗೆ ಸೆಟ್ಟಿಂಗ್ ಇರುತ್ತಪ್ಪ, ಆದ್ರೆ ಪಾಸ್‌ವರ್ಡ್ ಕೇಳ್ತೈತೆ" ಅಂದರು. ನಾನು ಕಂಪನಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದೆ. ಗ್ರಾಹಕರಿಗೆ ಕೊಡೋ ಹಾಗಿಲ್ಲ ಅಂದರು.

ಎಂಟನೇ ದಿನ ಎಂಜಿನಿಯರ್ ಹುಡುಗ ಬಂದ. ಒಳ್ಳೆ ಹುಡುಗ, ಪಾಪ, ಅವತ್ತು ಬೆಳಿಗ್ಗೆಯಿಂದ ಅದು ಅವನ ನಾಲ್ಕನೇ ತೋಟ. ಮೆನು ತೆಗೆದ, ಪಾಸ್‌ವರ್ಡ್ ಒತ್ತಿದ, ಡ್ರೈ ರನ್ ಕರೆಂಟ್ ಮಿತಿ ಸ್ವಲ್ಪ ಇಳಿಸಿದ, ಸೇವ್ ಮಾಡಿದ. ಆರು ನಿಮಿಷ. ಮೆಕ್ಯಾನಿಕ್ ಎರಡನೇ ದಿನ ಹೇಳಿದ್ದ ಕಾರಣವೇ ನಿಜವಾಗಿತ್ತು.

ಆ ಎಂಟು ದಿನ ಪಕ್ಕದ ಹೊಲದವರು ಉಳಿಸಿ ಕೊಟ್ಟ ನೀರು ಗಿಡ ಸಾಯದಿರೋಕೆ ಸಾಕಾಯ್ತು, ಕಾಯಿಗೆ ಸಾಕಾಗಲಿಲ್ಲ. ನೀರು ತಪ್ಪಿದ ಸೌತೆ ಏನಾಗುತ್ತೆ ಅಂತ ಬೆಳೆದವರಿಗೆ ಗೊತ್ತು. ಕಾಯಿ ಡೊಂಕಾಗುತ್ತೆ, ತೊಟ್ಟಿನ ಕಡೆ ಕಹಿ ಏರುತ್ತೆ. ಸಾವಯವ ಅಂತ ಹೆಚ್ಚು ದುಡ್ಡು ಕೊಟ್ಟು ತಗೊಳ್ಳೋ ಗಿರಾಕಿ ಒಂದು ಸಲ ಕಹಿ ಕಾಯಿ ತಿಂದರೆ ಮುಂದಿನ ವಾರ ಫೋನ್ ಎತ್ತಲ್ಲ. ರಿಪೇರಿಗೆ ನನಗೆ ಒಂದು ರೂಪಾಯಿ ಖರ್ಚಾಗಲಿಲ್ಲ, ವಾರಂಟಿ ಇತ್ತು. ನಷ್ಟ ಆಗಿದ್ದು ಕಾಯೋದರಲ್ಲಿ. ಕಂಪನಿಗಳು ರಿಪೇರಿಯನ್ನ ಖರ್ಚಿನ ಲೆಕ್ಕದಲ್ಲಿ ನೋಡ್ತವೆ. ನಮಗೆ ಅದು ದಿನದ ಲೆಕ್ಕ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲ್ಲ. ಇದನ್ನ ಓದಿ ಯಾರೂ ಬಿಸಿಲಲ್ಲಿ ಸೋಲಾರ್ ಕಂಟ್ರೋಲರ್ ಡಬ್ಬ ಬಿಚ್ಚೋಕೆ ಹೋಗಬೇಡಿ. ಸಾಲಾಗಿ ಜೋಡಿಸಿದ ಪ್ಯಾನಲ್‌ಗಳಿಂದ ನೂರಾರು ವೋಲ್ಟ್ ಡಿಸಿ ಬರ್ತಾ ಇರುತ್ತೆ. ಮನೆ ಕರೆಂಟ್ ಥರ ಅಲ್ಲ ಅದು, ಡಿಸಿ ಕಿಡಿ ಹತ್ತಿದರೆ ಬೇಗ ಆರಲ್ಲ. ಓಡ್ತಿರೋ ಕಾಮನ್ ರೈಲ್ ಎಂಜಿನ್ ಡೀಸೆಲ್ ಪೈಪ್ ಲೀಕ್ ಇದೆಯಾ ಅಂತ ಕೈಯಿಟ್ಟು ನೋಡೋದೂ ಅಷ್ಟೇ ಅಪಾಯ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ. ರಿಪೇರಿ ಹಕ್ಕು ಕೇಳೋದು ತಿಳಿದವರು ಬಿಚ್ಚಲಿ ಅಂತ. ಹೇಗೆ ಬಿಚ್ಚಬೇಕು, ಏನನ್ನ ಮುಟ್ಟಬಾರದು ಅಂತ ಬರೆದಿರೋ ಪುಸ್ತಕವೇ ಸರ್ವಿಸ್ ಮ್ಯಾನ್ಯುಯಲ್. ಅಪಾಯ ಇದೆ ಅನ್ನೋದು ಆ ಪುಸ್ತಕ ಕೊಡೋದಕ್ಕೆ ಕಾರಣ ಆಗಬೇಕೇ ಹೊರತು ಬಚ್ಚಿಡೋದಕ್ಕಲ್ಲ.

ಪಿಎಂ ಕುಸುಮ್ ಪಂಪ್‌ಗಳಿಗೆ ಐದು ವರ್ಷ ನಿರ್ವಹಣೆ ಕಂಪನಿಯದೇ ಜವಾಬ್ದಾರಿ. ಅದು ಒಳ್ಳೆ ಷರತ್ತು. ನನ್ನ ಪ್ರಶ್ನೆ ಆರನೇ ವರ್ಷದ್ದು. ಯೋಜನೆ ಶುರುವಾಗಿದ್ದು 2019ರಲ್ಲಿ, ಮೊದಮೊದಲು ಹಾಕಿಸಿದವರ ಐದು ವರ್ಷ ಮುಗೀತಾ ಬಂತು. ಪ್ಯಾನಲ್‌ಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಿಕೆ ಬರ್ತವೆ ಅಂತ ಮಾರುವಾಗ ಹೇಳಿದರು. ಐದು ವರ್ಷ ಆದಮೇಲೆ ಕಂಪನಿಯ ಕರಾರು ಮುಗಿಯುತ್ತೆ, ಪಾಸ್‌ವರ್ಡ್ ಮಾತ್ರ ಅವರ ಹತ್ತಿರವೇ ಇರುತ್ತೆ. ಅಷ್ಟರಲ್ಲಿ ಆ ಕಂಪನಿ ಬಾಗಿಲು ಹಾಕಿದ್ದರೆ? ಬೋರ್ಡ್ ಮೇಲೆ ಅಂಟು ಸುರಿದು ಮುಚ್ಚಿರ್ತಾರೆ. ತೇವ ಹೋಗದಿರಲಿ ಅಂತ ಹಾಗೆ ಮಾಡ್ತಾರೆ, ಒಪ್ಪೋಣ. ಆದರೆ ಅದರಿಂದ ಒಳಗಿನ ಹತ್ತಿಪ್ಪತ್ತು ರೂಪಾಯಿ ಪಾರ್ಟ್ ಹೋದರೂ ಇಡೀ ಬೋರ್ಡ್ ಬದಲಾಯಿಸಬೇಕಾಗುತ್ತೆ.

ಸಾವಯವದವರಿಗೆ ಇದು ಇನ್ನೂ ಬಿಗಿ. ಕಳೆನಾಶಕ ಹೊಡೆಯೋರಿಗೆ ಪವರ್ ವೀಡರ್ ಕೆಟ್ಟರೆ ಇನ್ನೊಂದು ದಾರಿ ಇದೆ. ನಮಗಿಲ್ಲ. ಮಳೆ ಬಿದ್ದ ಮೇಲೆ ಕಳೆ ಎರಡೆಲೆ ಇರುವಾಗ ವೀಡರ್ ಓಡಿದರೆ ಕೆಲಸ ಅರ್ಧ ದಿನ, ಹತ್ತು ದಿನ ಬಿಟ್ಟು ಓಡಿಸಿದರೆ ಬೇರು ಬ್ಲೇಡಿಗೆ ಸುತ್ತಿಕೊಂಡು ನಿಲ್ಲುತ್ತೆ. ಆಮೇಲೆ ಆಳು ಹಚ್ಚಬೇಕು, ಆಳು ಎಲ್ಲಿದ್ದಾರೆ ಹೇಳಿ?

ಅಮೆರಿಕದ ರೈತರು ಎಲ್ಲಿ ಎಡವಿದರು

ಈ ಜಗಳ ಮೊದಲು ಜೋರಾಗಿದ್ದು ಅಮೆರಿಕದಲ್ಲಿ. ಅಲ್ಲಿನ ಕಥೆಯಿಂದ ನಮಗೆ ಎರಡು ವಿಷಯ ಮಾತ್ರ ಬೇಕು.

2015ರಲ್ಲಿ ಜಾನ್ ಡೀರ್ ಕಂಪನಿ ಅಲ್ಲಿನ ಕಾಪಿರೈಟ್ ಕಚೇರಿ ಮುಂದೆ ಒಂದು ವಾದ ಇಟ್ಟಿತು. ಟ್ರ್ಯಾಕ್ಟರ್ ಕೊಂಡವನಿಗೆ ಅದರೊಳಗಿನ ಸಾಫ್ಟ್‌ವೇರ್ ಸೇರಲ್ಲ, ಗಾಡಿ ಓಡಿಸೋಕೆ ಬಳಸುವ ಅನುಮತಿ ಮಾತ್ರ ಸಿಗುತ್ತೆ ಅನ್ನೋದು ಅದರ ಸಾರ. ಕಚೇರಿ ಅದನ್ನ ಪೂರ್ತಿ ಒಪ್ಪಲಿಲ್ಲ. ರಿಪೇರಿಗಾಗಿ ಸಾಫ್ಟ್‌ವೇರ್ ಬೀಗ ತೆಗೆದರೆ ಅಪರಾಧ ಅಲ್ಲ ಅಂತ ಅದೇ ವರ್ಷ ವಿನಾಯಿತಿ ಕೊಟ್ಟಿತು. ರೈತರು ಗೆದ್ದರು ಅನ್ನಿಸುತ್ತೆ. ಆದರೆ ಆ ವಿನಾಯಿತಿ ಗಾಡಿ ಮಾಲೀಕನಿಗೆ ಮಾತ್ರ ಇತ್ತು. ಅವನ ಪರವಾಗಿ ಬೀಗ ತೆಗೆಯೋ ಮೆಕ್ಯಾನಿಕ್‌ಗೆ ಇರಲಿಲ್ಲ, ಅದು ಸೇರಿದ್ದು 2018ರಲ್ಲಿ. ಕೂತು ಕೋಡ್ ಬರೆದು ಟ್ರ್ಯಾಕ್ಟರ್ ಬಿಚ್ಚೋ ರೈತ ಎಷ್ಟು ಜನ ಇರ್ತಾರೆ? ಹಕ್ಕು ಕಾಗದದ ಮೇಲೆ ಇತ್ತು, ಸ್ಕ್ಯಾನರ್ ಡೀಲರ್ ಹತ್ತಿರವೇ ಉಳಿಯಿತು.

ಇನ್ನೊಂದು, ಒಪ್ಪಂದಕ್ಕೂ ಕಾನೂನಿಗೂ ಇರೋ ವ್ಯತ್ಯಾಸ. 2023ರ ಜನವರಿಯಲ್ಲಿ ಜಾನ್ ಡೀರ್ ಅಲ್ಲಿನ ದೊಡ್ಡ ರೈತ ಸಂಘಟನೆ ಅಮೆರಿಕನ್ ಫಾರ್ಮ್ ಬ್ಯೂರೋ ಫೆಡರೇಷನ್ ಜೊತೆ ಒಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು. ರಿಪೇರಿ ಸಾಧನ, ಮಾಹಿತಿ ಕೊಡ್ತೀವಿ ಅಂತ ಕಂಪನಿ, ರಿಪೇರಿ ಹಕ್ಕಿನ ಕಾಯ್ದೆಗಳಿಗೆ ಬೆಂಬಲ ಕೊಡಲ್ಲ ಅಂತ ಸಂಘಟನೆ. ಮೂರು ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ಕೊಲೊರಾಡೊ ರಾಜ್ಯ ಕೃಷಿ ಯಂತ್ರಗಳಿಗಂತಲೇ ರಿಪೇರಿ ಹಕ್ಕಿನ ಕಾಯ್ದೆ ಮಾಡಿತು, ಆ ದೇಶದಲ್ಲಿ ಅಂಥದ್ದು ಅದೇ ಮೊದಲು. 2024ರ ಜನವರಿ 1ರಿಂದ ಬಿಡಿಭಾಗ, ಸಾಫ್ಟ್‌ವೇರ್, ಸಾಧನ, ಮ್ಯಾನ್ಯುಯಲ್ ಇವನ್ನ ರೈತನಿಗೂ ಹೊರಗಿನ ಮೆಕ್ಯಾನಿಕ್‌ಗೂ ಕಂಪನಿ ಕೊಡಲೇಬೇಕು ಅಂತಾಯ್ತು. ಒಪ್ಪಂದದಿಂದ ಸಮಸ್ಯೆ ತೀರಿದ್ದರೆ, 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎರಡು ರಾಜ್ಯಗಳ ಜೊತೆ ಸೇರಿ ಅದೇ ಕಂಪನಿ ಮೇಲೆ ರಿಪೇರಿ ವಿಷಯಕ್ಕೇ ಮೊಕದ್ದಮೆ ಹೂಡ್ತಿರಲಿಲ್ಲ.

ಅಮೆರಿಕದ್ದು ನೂರಾರು ಎಕರೆ ರೈತರ ಜಗಳ, ನಮಗೇನು ಅನ್ನಬೇಡಿ. ಅಲ್ಲಿ ಯಂತ್ರ ರೈತನದು, ದುಡ್ಡು ರೈತನದು. ಇಲ್ಲಿ ಎರಡೆಕರೆಯವನು ಟ್ರ್ಯಾಕ್ಟರ್ ಬಾಡಿಗೆಗೆ ತರ್ತಾನೆ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಒಂದು ಯಂತ್ರ ನಿಂತರೆ ಅವತ್ತು ಸರದಿಯಲ್ಲಿದ್ದ ಅಷ್ಟೂ ಜನರ ಬಿತ್ತನೆ ತಡ ಆಗುತ್ತೆ. ನಮ್ಮಲ್ಲಿ ಒಂದು ಯಂತ್ರ ಕೆಟ್ಟರೆ ನೋವು ಹಂಚಿಹೋಗುತ್ತೆ, ಅದಕ್ಕೇ ಅದರ ಸದ್ದು ಹೊರಗೆ ಕೇಳಲ್ಲ ಅಂತ ನನ್ನ ಅನಿಸಿಕೆ.

ನಮ್ಮ ದೇಶದಲ್ಲಿ ಏನಿದೆ

ನಮ್ಮಲ್ಲಿ ರಿಪೇರಿ ಹಕ್ಕಿಗೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಂತ ಕೈ ಪೂರ್ತಿ ಖಾಲಿಯೂ ಅಲ್ಲ.

2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನ, ದೋಷ ಪತ್ತೆ ಸಾಧನಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದು ತಪ್ಪು ಅಂತ ಹೇಳಿತು. ಹೊರಗೆ ರಿಪೇರಿ ಮಾಡಿಸಿದ್ದಕ್ಕೇ ವಾರಂಟಿ ಪೂರ್ತಿ ರದ್ದು ಅನ್ನೋ ಷರತ್ತು ಹಾಕಬಾರದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಕೋರ್ಟು ಕಚೇರಿ ಸುತ್ತಾಟ ಬೇರೆ ವಿಷಯ. ಕಾರಿಗೆ ಹೇಳಿದ ನ್ಯಾಯ ಟ್ರ್ಯಾಕ್ಟರ್‌ಗೆ, ಪಂಪ್‌ಗೆ ಯಾಕೆ ಬೇಡ ಅನ್ನೋದು ನಮ್ಮ ಪ್ರಶ್ನೆ ಆಗಬೇಕು.

2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸೋಕೆ ಸಮಿತಿ ಮಾಡಿತು. ಮೊದಲಿಗೆ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಯಂತ್ರಗಳೂ ಒಂದು. ಉಳಿದವು ಮೊಬೈಲ್-ಟ್ಯಾಬ್ಲೆಟ್, ಗೃಹಬಳಕೆ ಸಾಮಾನು, ವಾಹನ. ಅದೇ ವರ್ಷ ಡಿಸೆಂಬರ್ 24ಕ್ಕೆ, ರಾಷ್ಟ್ರೀಯ ಗ್ರಾಹಕ ದಿನದಂದು, ರೈಟ್ ಟು ರಿಪೇರ್ ಅಂತ ಒಂದು ಪೋರ್ಟಲ್ ಬಂತು. ಒಂದು ಸಲ ಹೋಗಿ ನೋಡಿ, ಕೃಷಿ ಯಂತ್ರಗಳಿಗೂ ಅಲ್ಲಿ ಜಾಗ ಇದೆ. ಆದರೆ ನೋಡುವಾಗ ಒಂದು ವ್ಯತ್ಯಾಸ ತಲೆಯಲ್ಲಿರಲಿ. ಯೂಸರ್ ಮ್ಯಾನ್ಯುಯಲ್ ಬೇರೆ, ಸರ್ವಿಸ್ ಮ್ಯಾನ್ಯುಯಲ್ ಬೇರೆ. ಎಣ್ಣೆ ಯಾವಾಗ ಬದಲಾಯಿಸಬೇಕು ಅಂತ ಹೇಳೋದು ಮೊದಲನೇದು. ಕೆಟ್ಟಾಗ ಎಲ್ಲಿ ಬಿಚ್ಚಿ, ಏನು ಅಳೆದು, ಎಷ್ಟು ಇರಬೇಕು ಅಂತ ಹೇಳೋದು ಎರಡನೇದು. ಕಸ್ಟಮರ್ ಕೇರ್ ನಂಬರ್ ಕೊಟ್ಟರೆ ಅದು ರಿಪೇರಿ ಹಕ್ಕು ಆಗಲ್ಲ, ಕಾಯೋದಕ್ಕೆ ಇನ್ನೊಂದು ನಂಬರ್ ಆಗುತ್ತೆ ಅಷ್ಟೇ.

ಎಲ್ಲಕ್ಕಿಂತ ವಿಚಿತ್ರ ಡ್ರೋನ್‌ನದು. 2023ರಲ್ಲಿ ಕೇಂದ್ರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡೋ ಗುರಿ ಇದೆ, ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಒಬ್ಬರಿಗೆ ಹಾರಿಸೋ ತರಬೇತಿ, ಇನ್ನೊಬ್ಬರಿಗೆ ಸಣ್ಣಪುಟ್ಟ ರಿಪೇರಿ ನೋಡ್ಕೊಳ್ಳೋ ಡ್ರೋನ್ ಸಹಾಯಕರ ತರಬೇತಿ ಅಂತ ಯೋಜನೆಯಲ್ಲೇ ಇದೆ. ಅಂದರೆ ಹಳ್ಳಿಯಲ್ಲೇ ರಿಪೇರಿ ಆಗಬೇಕು ಅನ್ನೋದನ್ನ ಸರ್ಕಾರವೇ ಒಪ್ಪಿದೆ. ಹಾಗಿದ್ದರೆ ಆ ಸಹಾಯಕಿಗೆ ನಾಜಲ್, ಪ್ರೊಪೆಲ್ಲರ್ ಬದಲಾಯಿಸೋದರ ಆಚೆಗೆ ಬಿಡಿಭಾಗದ ಪಟ್ಟಿ, ಎರರ್ ಕೋಡ್‌ನ ಅರ್ಥ, ಪಂಪ್ ಸೆಟ್ಟಿಂಗ್‌ನ ಸಾಫ್ಟ್‌ವೇರ್ ಸಿಗಬೇಕಲ್ಲ? ತರಬೇತಿ ಕೊಟ್ಟು ಸ್ಪ್ಯಾನರ್ ಕೊಡದಿದ್ದರೆ ಆ ಹೆಣ್ಣುಮಗಳು ಏನು ಮಾಡಬೇಕು?

ಸಬ್ಸಿಡಿ ಪಟ್ಟಿಯೇ ಬೀಗದ ಕೈ

ಕಾಯ್ದೆ ಬರಲಿ, ಬೇಡ ಅನ್ನಲ್ಲ. ಆದರೆ ಕಾಯ್ದೆ ಬರೋಷ್ಟರಲ್ಲಿ ನನ್ನ ಮಗಳು ಕಾಲೇಜಿಗೆ ಹೋಗ್ತಾಳೆ. ಅದಕ್ಕಿಂತ ಹತ್ತಿರದ ದಾರಿ ಸಬ್ಸಿಡಿ ಪಟ್ಟಿ. ನಮ್ಮಲ್ಲಿ ಯುವ ರೈತ ಯಂತ್ರ ಆರಿಸೋದು ಪೇಟೆಯಲ್ಲಿ ಅಲ್ಲ, ಇಲಾಖೆ ಅನುಮೋದಿಸಿದ ಕಂಪನಿಗಳ ಪಟ್ಟಿಯಲ್ಲಿ. ಆ ಪಟ್ಟಿ ಸೇರೋಕೆ ಕಂಪನಿಗಳು ದರ, ಗುಣಮಟ್ಟದ ಪರೀಕ್ಷೆ, ವಾರಂಟಿ ಎಲ್ಲ ಒಪ್ಪಿಕೊಳ್ತವೆ. ಅದೇ ಕಾಗದದಲ್ಲಿ ಇನ್ನು ನಾಲ್ಕು ಸಾಲು ಸೇರಿಸೋಕೆ ಪಾರ್ಲಿಮೆಂಟ್ ಬೇಕಾಗಿಲ್ಲ. ಎರರ್ ಕೋಡ್‌ಗಳ ಅರ್ಥ ಕನ್ನಡದಲ್ಲಿ, ಯಂತ್ರದ ಮೇಲೆ ಅಂಟಿಸಿದ ಕ್ಯೂಆರ್ ಕೋಡ್‌ನಲ್ಲಿ. ಬಿಡಿಭಾಗಗಳ ನಂಬರ್ ಮತ್ತು ದರ ಬಹಿರಂಗ. ವಾರಂಟಿ ಮುಗಿದ ದಿನ ಸೆಟ್ಟಿಂಗ್ ಪಾಸ್‌ವರ್ಡ್ ರೈತನ ಮೊಬೈಲ್‌ಗೆ. ವಾರಂಟಿ ಒಳಗೆ ಇಂತಿಷ್ಟು ದಿನದಲ್ಲಿ ಬರದಿದ್ದರೆ ಸ್ಥಳೀಯ ಮೆಕ್ಯಾನಿಕ್ ಕೈಲಿ ಮಾಡಿಸಿ ಬಿಲ್ ಕಂಪನಿಗೆ. ದುಡ್ಡು ಜನರದ್ದು, ಷರತ್ತೂ ಜನರ ಕಡೆಯಿಂದ ಇರಲಿ.

ಕಂಪನಿಯವರ ಮಾತೂ ಕೇಳಬೇಕು. ಡೀಲರ್ ಸ್ನೇಹಿತರೊಬ್ಬರು ನನ್ನ ಜೊತೆ ಒಂದು ಗಂಟೆ ವಾದ ಮಾಡಿದರು. ಹಳ್ಳಿ ಮೆಕ್ಯಾನಿಕ್ ಕೈಗೆ ಕೊಟ್ಟರೆ ಕೆಡಿಸ್ತಾನೆ, ಡೂಪ್ಲಿಕೇಟ್ ಪಾರ್ಟ್ ಹಾಕ್ತಾನೆ, ಆಮೇಲೆ ಬೈಗುಳ ನಮಗೆ ಅಂದರು. ಪೂರ್ತಿ ಸುಳ್ಳಲ್ಲ. ಡೂಪ್ಲಿಕೇಟ್ ಬೇರಿಂಗ್ ಹಾಕಿ ಹಾಳಾದ ವೀಡರ್ ನಮ್ಮೂರಲ್ಲೇ ಇದೆ. ಆದರೆ ಡೂಪ್ಲಿಕೇಟ್ ಯಾಕೆ ಓಡುತ್ತೆ? ಒರಿಜಿನಲ್ ಅಂಗಡಿಯಲ್ಲಿ ಸಿಗಲ್ಲ, ಸಿಕ್ಕರೂ ಹದಿನೈದು ದಿನ, ಅದಕ್ಕೆ. ಒರಿಜಿನಲ್ ಪಾರ್ಟ್ ಹೋಬಳಿ ಅಂಗಡಿಯಲ್ಲಿ ನಂಬರ್ ಸಮೇತ ಸಿಕ್ಕರೆ ಡೂಪ್ಲಿಕೇಟ್ ಹುಡುಕಿಕೊಂಡು ಹೋಗೋ ಅಗತ್ಯ ಯಾರಿಗಿದೆ? ಹೊಗೆ ನಿಯಮ ತಪ್ಪಿಸೋಕೆ, ಎಚ್‌ಪಿ ಏರಿಸೋಕೆ ಇಸಿಯು ತಿದ್ದುತ್ತಾರೆ ಅನ್ನೋದು ಅವರ ಇನ್ನೊಂದು ಮಾತು. ಅದನ್ನ ನಾನೂ ವಿರೋಧಿಸ್ತೀನಿ. ಅದು ರಿಪೇರಿ ಅಲ್ಲ, ತಿದ್ದುಪಡಿ. ದೋಷ ಓದೋದು, ಪಾರ್ಟ್ ಬದಲಾಯಿಸಿ ಕೋಡ್ ಹಾಕೋದು ಬೇರೆ, ಎಂಜಿನ್ ನಕ್ಷೆ ತಿರುಚೋದು ಬೇರೆ. ಮೊದಲನೇದಕ್ಕೆ ಬಾಗಿಲು ತೆರೆದು ಎರಡನೇದಕ್ಕೆ ಬೀಗ ಇಡೋದು ಸಾಫ್ಟ್‌ವೇರ್ ಬರೆಯೋರಿಗೆ ಕಷ್ಟದ ಕೆಲಸ ಏನಲ್ಲ.

ಮೆಕ್ಯಾನಿಕ್‌ಗಳೂ ಕಲೀಬೇಕು, ಅದನ್ನ ಮುಚ್ಚಿಡಲ್ಲ. ಐಟಿಐ ಮುಗಿಸಿ ಬೆಂಗಳೂರಿನಲ್ಲಿ ಡೆಲಿವರಿ ಬ್ಯಾಗ್ ಹೊತ್ತಿರೋ ಹುಡುಗರು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಚಿತ್ರದುರ್ಗ, ಬಳ್ಳಾರಿ, ಪಾವಗಡ ಕಡೆಯವರಿಗೆ ಪಕ್ಕದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಯಂತ್ರ ಓಡಿಸೋದು, ರಿಪೇರಿ, ನಿರ್ವಹಣೆಗೆ ಅಲ್ಲಿ ತರಬೇತಿ ಕೊಡ್ತಾರೆ. ವಿಚಾರಿಸಿ ನೋಡಿ.

ಈ ವಾರವೇ ಮಾಡಬಹುದಾದ್ದು

ಹೊಸ ಯಂತ್ರಕ್ಕೆ ಅಡ್ವಾನ್ಸ್ ಕೊಡೋ ಮೊದಲು ಡೀಲರ್‌ಗೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ. ಬಾಯಲ್ಲಿ ಕೇಳಬೇಡಿ, ಬಾಯಿ ಮಾತಿಗೆ ಸಾಕ್ಷಿ ಇಲ್ಲ. ಬಿಡಿಭಾಗಗಳ ಪಟ್ಟಿ ಕೊಡ್ತೀರಾ, ಎರರ್ ಕೋಡ್ ಪಟ್ಟಿ ಕೊಡ್ತೀರಾ, ವಾರಂಟಿ ಮುಗಿದ ಮೇಲೆ ಪಾಸ್‌ವರ್ಡ್ ಕೊಡ್ತೀರಾ, ಯಾವ್ಯಾವ ಕೆಲಸ ಹೊರಗೆ ಮಾಡಿಸಿದರೆ ವಾರಂಟಿ ಹೋಗಲ್ಲ, ದೂರು ಕೊಟ್ಟ ಎಷ್ಟು ದಿನಕ್ಕೆ ಬರ್ತೀರಾ. ಇಷ್ಟೇ ಕೇಳಿ. ಬಂದ ಉತ್ತರ ಸ್ಕ್ರೀನ್‌ಶಾಟ್ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ.

ಯಂತ್ರ ಈಗಾಗಲೇ ಇದ್ದು ಕೆಟ್ಟರೆ, ಡಿಸ್‌ಪ್ಲೇ ಫೋಟೋ, ಸದ್ದು ಬರ್ತಿದ್ದರೆ ವಿಡಿಯೊ, ತಾರೀಖು ಸಮೇತ ಬರವಣಿಗೆಯಲ್ಲಿ ದೂರು ಕೊಡಿ, ದೂರಿನ ನಂಬರ್ ತಗೊಳ್ಳಿ. ತಡ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನೀವು ವ್ಯವಸಾಯದ ಉದ್ದೇಶಕ್ಕೆ ಕೊಂಡವರು, ಗ್ರಾಹಕರೇ ಅಲ್ಲ ಅಂತ ಯಾರಾದರೂ ಅಂದರೆ ಹೆದರಬೇಡಿ. 2012ರಲ್ಲಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ, ಬೀಜ ಕೊಂಡ ರೈತರು ಗ್ರಾಹಕರೇ, ಗ್ರಾಹಕ ವೇದಿಕೆಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಒಬ್ಬೊಬ್ಬರೇ ಕೇಳಿದರೆ ಡೀಲರ್ ನಗ್ತಾನೆ, ಅದೂ ನಿಜ. ಎಫ್‌ಪಿಒ ಮೂಲಕ ಕೇಳಿ. ನಮ್ಮ ರೈತ ಉತ್ಪಾದಕ ಕಂಪನಿಯಲ್ಲಿ ಈ ಸಲ ಹನ್ನೆರಡು ಪವರ್ ವೀಡರ್ ಒಟ್ಟಿಗೆ ತಗೊಳ್ಳೋದಿತ್ತು. ಮೂವರು ಡೀಲರ್‌ಗಳಿಗೆ ಮೇಲಿನ ಪ್ರಶ್ನೆಗಳನ್ನೇ ಲೆಟರ್‌ಹೆಡ್‌ನಲ್ಲಿ ಬರೆದು ಕಳಿಸಿದೆವು. ಒಬ್ಬರು ಎರಡೇ ದಿನದಲ್ಲಿ ಬಿಡಿಭಾಗಗಳ ಪಟ್ಟಿ, ದರ, ಎಂಜಿನ್ ಬಿಚ್ಚಿ ಜೋಡಿಸೋ ಪುಸ್ತಕದ ಪಿಡಿಎಫ್ ಕಳಿಸಿದರು. ಬೆಲೆ ವೀಡರ್‌ಗೆ ಎರಡು ಸಾವಿರ ಜಾಸ್ತಿ ಇದ್ದರೂ ಅವರ ಹತ್ತಿರವೇ ತಗೊಂಡೆವು, ಪಿಡಿಎಫ್ ಅನ್ನ ನಮ್ಮ ಮೂವರು ಮೆಕ್ಯಾನಿಕ್‌ಗಳ ಮೊಬೈಲ್‌ಗೆ ಹಾಕಿದ್ದೀವಿ. ಇನ್ನೊಬ್ಬರು ಹೆಡ್ ಆಫೀಸ್ ಕೇಳಿ ಹೇಳ್ತೀನಿ ಅಂದರು, ಇನ್ನೂ ಕೇಳ್ತಿದ್ದಾರೆ. ಮೂರನೆಯವರು ಫೋನ್ ಮಾಡಿ, ಇಂಥದ್ದನ್ನೆಲ್ಲ ಇದುವರೆಗೆ ಯಾವ ರೈತರೂ ಕೇಳಿಲ್ಲವಲ್ಲ ಸಾರ್, ಯಾಕೆ ಬೇಕು ಅಂದರು.